ಅಪ್ಪನ ರೊಪ್ಪಕ್ಕೊಂದು ಬೇಲಿ

ಕಳೆದ ದೀಪಾವಳಿಗೆ ಪುಣೆಯಿಂದ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಮೂರು ತುಂಡು ತಂತಿ ಇದ್ದವು. ಒಂದೊಂದೂ ಗೇಣುದ್ದ. ಜೊತೆಗೆ ಹಳೆಯದೊಂದು ಮೈಕ್ರೋಮೀಟರ್. ಬಸ್ಸು ಹತ್ತಿಸಲು ಬಂದಿದ್ದ ವಿಜಯಪುರದ ಗೆಳೆಯ, ‘ಊರಿಗೆ ಬಾಕರವಡಿ ಒಯ್ಯೋರನ್ನ ನೋಡೀನಿ, ತಂತಿ ಒಯ್ಯೋರನ್ನ ಇವತ್ತೇ ನೋಡಿದ್ದು’ ಎಂದು ನಕ್ಕ.

ನಾನು ಚಾಕಣದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹನ್ನೊಂದು ವರ್ಷವಾಯಿತು. ವಾಹನದ ಬಿಡಿಭಾಗಗಳ ಮೇಲಿನ ಸತುವಿನ ಲೇಪ ಎಷ್ಟು ದಪ್ಪ ಇದೆ ಎಂದು ಅಳೆಯುವುದೇ ನನ್ನ ಅನ್ನ. ಇಷ್ಟಿದ್ದೂ ಅಪ್ಪನ ಮೇಕೆಗಳಿಗೆ ನಾನು ಹಾಕಿಸಿಕೊಟ್ಟ ಬೇಲಿ ಒಂದೂವರೆ ವರ್ಷಕ್ಕೇ ತುಕ್ಕು ಹಿಡಿದು ಜೋತುಬಿದ್ದಿತ್ತು. ಒಂದು ರಾತ್ರಿ ಅದರ ಅಡಿಯಿಂದ ನಾಯಿಗಳು ನುಸುಳಿ ಏಳು ಮರಿಗಳನ್ನು ಕೊಂದು ಹಾಕಿದ್ದವು.

ನಮ್ಮದು ಶಿರಾ ತಾಲ್ಲೂಕು. ಅಪ್ಪನ ಹತ್ತಿರ ಸಣ್ಣದು ದೊಡ್ಡದು ಸೇರಿ ಇಪ್ಪತ್ತರ ಆಸುಪಾಸು ಮೇಕೆಗಳು ಯಾವಾಗಲೂ ಇರುತ್ತವೆ. ಆ ದುಡ್ಡು ಅವನದು. ನಾನು ತಿಂಗಳಿಗೆ ಕಳಿಸುವುದನ್ನು ಅಮ್ಮನ ಔಷಧಿಗೆ, ಮನೆ ಖರ್ಚಿಗೆ ಬಳಸುತ್ತಾನೆಯೇ ಹೊರತು ತನ್ನ ಕೈಖರ್ಚಿಗೆ ನನ್ನ ಮುಂದೆ ಕೈಚಾಚಿದವನಲ್ಲ. ಹಬ್ಬಕ್ಕೆ ಒಂದು ಹೋತ ಮಾರಿದರೆ ಮೊಮ್ಮಗಳಿಗೆ ಬಟ್ಟೆ ಅವನ ದುಡ್ಡಿನಲ್ಲೇ. ಹಿಂದೆಲ್ಲ ರೊಪ್ಪಕ್ಕೆ ಜಾಲಿಮುಳ್ಳಿನ ಬೇಲಿ ಇತ್ತು, ಅದರ ಬಾಯಿಗೆ ಅಪ್ಪ ಮಂಚ ಹಾಕಿಕೊಂಡು ಮಲಗುತ್ತಿದ್ದ. ಅರವತ್ತೆಂಟಕ್ಕೆ ಮಂಡಿ ಕೈಕೊಟ್ಟಿತು. ಚಳಿಗೆ ಹೊರಗೆ ಮಲಗಬೇಡ ಎಂದು ಡಾಕ್ಟರು ಹೇಳಿದರು. ಆಗ ‘ಬೇಲಿ ನಾನು ಹಾಕಿಸ್ತೀನಿ’ ಎಂದವನು ನಾನು.

ಹಾಕಿಸಿದ್ದು ಹೇಗೆ ಎಂದರೆ, ನಮ್ಮಂಥವರು ಊರಿನ ಕೆಲಸ ಮಾಡಿಸುವ ಹಾಗೇ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದೆ. ಫೋನಿನಲ್ಲೇ ರೇಟು ಕೇಳಿದೆ, ಅಡಿ ಲೆಕ್ಕದಲ್ಲಿ ಯಾರು ಕಡಿಮೆ ಹೇಳಿದರೋ ಅವರಿಗೆ ದುಡ್ಡು ಕಳಿಸಿದೆ. ಮನೆ ಹಿಂದಿನ 20 ಗುಂಟೆಗೂ ಸುತ್ತ 600 ಅಡಿ ಚೈನ್‌ಲಿಂಕ್ ಮೆಶ್. ನಾಲ್ಕಡಿ ಎತ್ತರ, 3 ಇಂಚಿನ ಕಣ್ಣು, 14 ಗೇಜಿನ ತಂತಿ, ಹದಿನೈದು ಅಡಿಗೊಂದು ಕಬ್ಬಿಣದ ಆ್ಯಂಗಲ್. ಕೆಲಸ ಮುಗಿದ ದಿನ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ನೋಡಿ ಖುಷಿಯಾಗಿ ಅದನ್ನೇ ಸ್ಟೇಟಸ್ ಇಟ್ಟಿದ್ದೆ.

ಮೇಕೆ ಬೇಲಿಯನ್ನು ಹಸುವಿನ ಹಾಗೆ ಗೌರವಿಸುವ ಪ್ರಾಣಿಯಲ್ಲ. ಆಚೆ ಕಡೆಯ ಹೊಂಗೆ, ಬೇವಿನ ಕೊಂಬೆ ನೋಡಿದರೆ ಮುಂಗಾಲು ಎರಡನ್ನೂ ಮೆಶ್ ಮೇಲಿಟ್ಟು ನಿಲ್ಲುತ್ತದೆ. ಒಂದು ನಿಂತರೆ ಪಕ್ಕದಲ್ಲಿ ಇನ್ನೆರಡು. ದಿನಾ ಹೀಗೆ ತುಳಿಸಿಕೊಂಡ ಮೆಶ್ ಮೇಲೆ ಬಗ್ಗಿತು, ಕೆಳಗೆ ಎದ್ದಿತು. ಮೂಲೆಯ ಆ್ಯಂಗಲ್‌ಗಳಿಗೆ ಒರಗುಕಂಬ ಕೊಟ್ಟಿರಲಿಲ್ಲ, ಅವು ಒಳಕ್ಕೆ ವಾಲಿದವು. ಮೂಲೆ ವಾಲಿತೆಂದರೆ ಆ ಸಾಲಿನಲ್ಲಿದ್ದ ಬಿಗಿಯೆಲ್ಲ ಹೋದಂತೆ. ಕಟ್ಟಲು ಬಳಸಿದ್ದು ಸೆಂಟ್ರಿಂಗ್ ಕೆಲಸದ ಕರಿ ಬೈಂಡಿಂಗ್ ತಂತಿ, ಅದಕ್ಕೆ ಸತುವೇ ಇರುವುದಿಲ್ಲ. ಮೊದಲು ತುಂಡಾಗಿದ್ದು ಅದೇ.

ಮರಿಗಳು ಸತ್ತ ವಿಷಯ ಅಪ್ಪ ನನಗೆ ಹೇಳಲಿಲ್ಲ. ಹತ್ತು ದಿನದ ಮೇಲೆ ಅಮ್ಮನ ಬಾಯಿಂದ ಬಂತು. ಫೋನು ಅಪ್ಪನ ಕೈಗೆ ಕೊಡು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ್ದು ಇಷ್ಟೇ: ‘ಮೇಕೆ ಒಳಗಿರ್ಲಿ ಅಂತ ಬೇಲಿ ಹಾಕ್ಸಿದೀಯ ಕಣಪ್ಪಾ. ನಾಯಿ ಹೊರಗಿರ್ಲಿ ಅಂತ ಹಾಕ್ಸಿಲ್ಲ.’ ಉಳಿದ ಮೇಕೆಗಳನ್ನೂ ಮಾರಿಬಿಡುವ ಯೋಚನೆಯಲ್ಲಿದ್ದಾನೆ ಎಂದು ಆಮೇಲೆ ಅಮ್ಮ ಹೇಳಿದಳು.

ಅಲ್ಲಿಂದ ನಾನು ಬೇಲಿಗಳನ್ನು ನೋಡತೊಡಗಿದೆ. ಚಾಕಣದ ಆಚೆ, ಬೆಳೆ ಕಟಾವಾದ ಹೊಲಗಳಲ್ಲಿ ಧನಗರರು ಕುರಿಮಂದೆ ಹಾಕಿಕೊಂಡಿರುತ್ತಾರೆ. ನಮ್ಮ ಕಡೆಯ ಕುರುಬರು ಗೊಬ್ಬರಕ್ಕೆ ಹೊಲದಲ್ಲಿ ಮಂದೆ ನಿಲ್ಲಿಸುವ ಹಾಗೇ. ರಾತ್ರಿಗೆ ಸುತ್ತಲೂ ಗೂಟ ನೆಟ್ಟು ಬಲೆ ಕಟ್ಟುತ್ತಾರೆ, ವಾಘರ ಎನ್ನುತ್ತಾರೆ. ಕೈಯಲ್ಲಿ ಹಿಡಿದು ನೋಡಿದೆ. ಅದು ಬರೀ ಹಗ್ಗದ ಬಲೆ, ನಾಯಿಗೂ ತೋಳಕ್ಕೂ ಯಾವ ಲೆಕ್ಕ? ‘ಇದು ಹೇಗೆ ತಡೆಯುತ್ತೆ?’ ಎಂದು ಅರೆಬರೆ ಮರಾಠಿಯಲ್ಲಿ ಕೇಳಿದೆ. ಮುದುಕರೊಬ್ಬರು ಬಲೆ ಬಿಟ್ಟು ತಮ್ಮ ಕಂಬಳಿ ತೋರಿಸಿದರು. ಬಲೆಯ ಪಕ್ಕದಲ್ಲೇ ಅವರ ಹಾಸಿಗೆ, ಅದರಾಚೆ ಎರಡು ನಾಯಿ.

ನಮ್ಮ ಹಳೆಯ ಮುಳ್ಳುಬೇಲಿಯೂ ನಿಂತಿದ್ದು ಅಪ್ಪನ ಮಂಚದ ಬಲದಿಂದಲೇ. ಈಗ ಬೇಕಿರುವುದು ಪಕ್ಕದಲ್ಲಿ ಯಾರೂ ಮಲಗದಿದ್ದರೂ ನಿಲ್ಲುವ ಬೇಲಿ. ಅಂಥದ್ದನ್ನು 600 ಅಡಿ ಕಟ್ಟಿಸುವ ಶಕ್ತಿ ನನಗಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಜುನ್ನರ್ ಕಡೆಯವರೊಬ್ಬರಿದ್ದಾರೆ. ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಟ ಎಷ್ಟೆಂದು ಪುಣೆಯಲ್ಲಿರುವವರಿಗೆಲ್ಲ ಗೊತ್ತು. ಅವರ ಮನೆಯಲ್ಲಿ ಹೊಲಕ್ಕೆ ಬೇಲಿಯೇ ಇಲ್ಲ, ಆದರೆ ಮನೆಗೆ ಅಂಟಿಕೊಂಡ ಪುಟ್ಟ ಗೂಡಿಗೆ ನಾಲ್ಕೂ ಕಡೆ ಮತ್ತು ತಲೆಯ ಮೇಲೆ ದಪ್ಪ ಜಾಲರಿ. ಹಗಲು ಮೇಯಿಸುವವರು ಜೊತೆಗಿರುತ್ತಾರೆ, ರಾತ್ರಿ ಯಾರೂ ಇರುವುದಿಲ್ಲ. ದುಡ್ಡೆಲ್ಲ ರಾತ್ರಿಗೇ ಹಾಕಬೇಕು ಎಂಬುದು ಅವರ ಲೆಕ್ಕ.

ಪೆನ್ನು ಹಿಡಿದು ಕೂತೆ. ಒಂದು ದೊಡ್ಡ ಮೇಕೆಗೆ ಸೂರಿನಡಿ ಸುಮಾರು 10 ಚದರ ಅಡಿ, ತೆರೆದ ಜಾಗ ಅದರ ಎರಡರಷ್ಟು. ಇಪ್ಪತ್ತಕ್ಕೆ 600 ಚದರ ಅಡಿ, ಅಂದರೆ 20 ಅಡಿ ಅಗಲ, 30 ಅಡಿ ಉದ್ದ. ಸುತ್ತಳತೆ 100 ಅಡಿ. ಮೊದಲ ಬೇಲಿಯ ಆರರಲ್ಲೊಂದು ಪಾಲು! ಇಷ್ಟಕ್ಕೆ 10 ಗೇಜಿನ ತಂತಿ, 2 ಇಂಚಿನ ಕಣ್ಣು, ಐದಡಿ ಎತ್ತರ ಎಂದು ಹಿಡಿದರೂ ಒಟ್ಟು ತೂಗುವ ಉಕ್ಕು ಮೊದಲಿನದಕ್ಕಿಂತ ಐದರಲ್ಲೊಂದು ಪಾಲು ಕಡಿಮೆಯೇ ಬಂತು. ಇದನ್ನು ಮೊದಲೇ ಮಾಡಬಹುದಿತ್ತು.

ಗೇಜಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೋಸ ಹೋಗುವುದು ಇಲ್ಲೇ. ಗೇಜಿನ ಸಂಖ್ಯೆ ಏರಿದಷ್ಟೂ ತಂತಿ ತೆಳು. 14 ಎಂದರೆ ಸುಮಾರು 2 ಮಿಲಿಮೀಟರ್, 12 ಎಂದರೆ 2.6, 10 ಎಂದರೆ 3.25. ಅಷ್ಟೇ ಉದ್ದದ 10 ಗೇಜು 14ಕ್ಕಿಂತ ಎರಡೂವರೆ ಪಟ್ಟು ತೂಗುತ್ತದೆ. ಹಾಗಾಗಿ ಅಡಿ ಲೆಕ್ಕದಲ್ಲಿ ರೇಟು ಕೇಳಿದರೆ ತೆಳು ತಂತಿಯೇ ಅಗ್ಗವಾಗಿ ಕಾಣುತ್ತದೆ. ಕೆಜಿ ಲೆಕ್ಕದಲ್ಲಿ ಕೇಳಿ, ಸುರುಳಿಯನ್ನು ಎದುರಿಗೇ ತೂಗಿಸಿ. ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿಯಾದರೆ ಒಳಗಿನ ಉಕ್ಕು ಎಷ್ಟು ದಪ್ಪ ಎಂದು ಕೇಳಲೇಬೇಕು. ಪ್ಲಾಸ್ಟಿಕ್ ಸೇರಿಸಿ 10 ಗೇಜು ಎಂದು ಮಾರುವವರುಂಟು.

ಇನ್ನು ಸತು. ಲೇಪ ದಪ್ಪವಿದ್ದಷ್ಟೂ ತಂತಿಯ ಆಯುಸ್ಸು, ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ. ಆದರೆ ಹೊಳಪು ನೋಡಿ ದಪ್ಪ ಹೇಳಲು ನನ್ನಿಂದಲೂ ಆಗುವುದಿಲ್ಲ. ಲ್ಯಾಬಿನಲ್ಲಿ ಆ್ಯಸಿಡ್‌ಗೆ ಹಾಕಿ ಸತು ಕರಗಿಸಿ ತೂಕದ ವ್ಯತ್ಯಾಸ ನೋಡುತ್ತೇವೆ. ಊರಲ್ಲಿ ಆದೀತಾದ ಹಳೆಯ ಪರೀಕ್ಷೆಯೊಂದಿದೆ. ನಮ್ಮ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವೇ ಅದಕ್ಕೆ ಸಾಕು. ಪ್ಲಾಸ್ಟಿಕ್ ಲೋಟದಲ್ಲಿ ಮೈಲುತುತ್ತವನ್ನು ಗಟ್ಟಿಯಾಗಿ ಕದಡಿ, ಎಣ್ಣೆ ಜಿಡ್ಡು ಒರೆಸಿದ ತಂತಿಯನ್ನು ಒಂದು ನಿಮಿಷ ಅದ್ದಬೇಕು. ತೆಗೆದು ತೊಳೆದು ಒರೆಸಿ, ಮತ್ತೆ ಒಂದು ನಿಮಿಷ. ಸತು ಮುಗಿದು ಉಕ್ಕು ಸಿಕ್ಕಿದ ಕಡೆ ಒರೆಸಿದರೂ ಹೋಗದ ಹಾಗೆ ತಾಮ್ರದ ಕೆಂಪು ಕೂರುತ್ತದೆ.

ಪುಣೆಯಿಂದ ಒಯ್ದ ಎರಡು ಮಾದರಿ ಮತ್ತು ನಮ್ಮ ಹಳೇ ಬೇಲಿಯಿಂದ ಕಳೆದ ಸಲ ಕತ್ತರಿಸಿಕೊಂಡು ಹೋಗಿದ್ದ ಒಂದು, ಒಟ್ಟು ಮೂರನ್ನೂ ಅಪ್ಪನ ಎದುರು ಜಗಲಿ ಮೇಲೆ ಅದ್ದಿದೆ. ಹಳೆಯದು ಮೊದಲ ಸಲಕ್ಕೇ ಕೆಂಪಾಯಿತು. ಒಂದು ಎರಡನೆಯದಕ್ಕೆ. ಇನ್ನೊಂದು ಮೂರು ಸಲ ಅದ್ದಿದರೂ ಬೂದು ಬಣ್ಣ ಬಿಡಲಿಲ್ಲ. ಪ್ರಮಾಣಪತ್ರ ಕೊಡುವ ಪರೀಕ್ಷೆ ಇದಲ್ಲ, ಎರಡು ತಂತಿಗಳನ್ನು ಪಕ್ಕಪಕ್ಕ ಹೋಲಿಸಲು ಸಾಕು. ಅಪ್ಪ ಕನ್ನಡಕ ಹಾಕಿಕೊಂಡು ಮೂರನ್ನೂ ತಿರುಗಿಸಿ ನೋಡಿದ. ‘ದಿನಾ ಇದನ್ನೇ ಮಾಡೀಯೇನಪ್ಪಾ ಅಲ್ಲಿ?’ ಎಂದ. ನನ್ನ ಕೆಲಸ ಏನೆಂದು ಹನ್ನೊಂದು ವರ್ಷದಲ್ಲಿ ಅವನು ಕೇಳಿದ್ದು ಅದೇ ಮೊದಲು. (ಮೈಲುತುತ್ತದ ನೀರನ್ನು ಮಾತ್ರ ಪ್ರಾಣಿಗಳು ಬಾಯಿ ಹಾಕುವ ಕಡೆ ಚೆಲ್ಲಬೇಡಿ. ತಾಮ್ರ ಕುರಿಗಳಿಗೆ ವಿಷ.)

ಆ ಹೊತ್ತಿನಲ್ಲೇ ನಾನು ಬರೆದುಕೊಂಡು ಬಂದಿದ್ದ ಪಟ್ಟಿಯಲ್ಲಿ ಅರ್ಧವನ್ನು ಅಪ್ಪ ಹೊಡೆದು ಹಾಕಿದ. ಆ್ಯಂಗಲ್ ಬೇಡ, ಕಲ್ಲುಕಂಬ ಸಾಕು, ಅದಕ್ಕೆ ತುಕ್ಕಿಲ್ಲ. ಏಳಡಿ ಕಂಬದಲ್ಲಿ ಎರಡಡಿ ನೆಲದೊಳಗೆ, ಏಳೆಂಟು ಅಡಿಗೊಂದು, ನಾಲ್ಕು ಮೂಲೆಗೂ ಎರಡೆರಡು ಒರಗುಗಲ್ಲು. ಮುಳ್ಳುತಂತಿ ಬೇಡವೇ ಬೇಡ, ನುಸುಳಲು ಹೋದ ಮೇಕೆಯ ಕೆಚ್ಚಲು ಸೀಳುತ್ತದೆ. ಹಾಲು ಕರೆಯುವಾಗ ಅವನು ಕಂಡಿದ್ದಾನೆ. ದೊಡ್ಡ ಚೌಕದ ಮೆಶ್ ಅಗ್ಗ ಎಂದೆ. ‘ಕೊಂಬು ತೂರಿಸ್ತದೆ, ವಾಪಸ್ ತೆಗೆಯಾಕೆ ಬರಲ್ಲ’ ಎಂದ. ಆರಿಂಚಿನ ಚೌಕದಲ್ಲಿ ಕೊಂಬಿನ ಮೇಕೆ ತಲೆ ಸಿಕ್ಕಿಸಿಕೊಳ್ಳುವುದು ನಿಜ, ಆಗ ನಾಯಿ ಬಂದರೆ ಅದು ಓಡಲೂ ಆಗದು.

ಸೋಲಾರ್ ಬೇಲಿಯ ಮಾತೂ ಬಂತು. ಸರಿಯಾದ ಎನರ್ಜೈಸರ್ ಇದ್ದರೆ ಅದು ಕ್ಷಣಕ್ಷಣಕ್ಕೆ ಸಣ್ಣ ಹೊಡೆತ ಕೊಟ್ಟು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಆದರೆ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಶಕ್ತಿ ನೆಲಕ್ಕೆ ಹೋಗುತ್ತದೆ, ದಿನಾ ಸವರುವವರು ಬೇಕು. ಅಪ್ಪನ ಮಂಡಿಗೆ ಅದು ಆಗದ ಮಾತು. ಕಂಬದ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದಂತೂ ಅಪರಾಧ, ಅದರಿಂದ ಮನುಷ್ಯರೇ ಸಾಯುತ್ತಾರೆ. ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಮೆಶ್ಶನ್ನು ಕಂಬಗಳ ಒಳಬದಿಗೆ ಕಟ್ಟಿಸಿದೆವು. ಮೇಕೆ ಮುಂಗಾಲಿಟ್ಟು ಒತ್ತಿದರೆ ಭಾರ ಕಟ್ಟಿನ ಮೇಲೆ ಬೀಳದೆ ಕಂಬದ ಮೇಲೆ ಬೀಳುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಸಾಲು ದಪ್ಪ ಜಿಐ ತಂತಿ ಎಳೆದು ಬಿಗಿದು, ಕಟ್ಟುವುದಕ್ಕೂ ಸತು ಲೇಪದ ತಂತಿಯನ್ನೇ ಬಳಸಿದೆವು. ನಾಯಿಗಳ ಪಾಲಿನದು ಕೊನೆಗೆ ಉಳಿದಿತ್ತು. ಹಳೇ ಬೇಲಿಯ ಮೆಶ್ಶನ್ನು ಗುಜರಿಗೆ ಹಾಕದೆ ಎರಡಡಿ ಪಟ್ಟಿಗಳಾಗಿ ಕತ್ತರಿಸಿ, ರೊಪ್ಪದ ಹೊರಗೆ ಸುತ್ತಲೂ ನೆಲದ ಮೇಲೆ ಹಾಸಿ, ಬುಡಕ್ಕೆ ಹೆಣೆದು, ಮೇಲೆ ಮಣ್ಣು ಮತ್ತು ಸೈಜುಗಲ್ಲು ಹೇರಿದೆವು. ನಾಯಿ ಕೆರೆಯುವುದು ಯಾವಾಗಲೂ ಬೇಲಿಯ ಬುಡದಲ್ಲೇ, ಎರಡಡಿ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ. ಐದಡಿ ಬೇಲಿ ಚಿರತೆಗೆ ಒಂದು ಹಾರಿಗೂ ಸಾಲದು. ಹಾಗಾಗಿ ಮರಿಗಳನ್ನು ರಾತ್ರಿ ಶೆಡ್ಡಿನ ಪಕ್ಕದ ಕಲ್ಲುಗೋಡೆಯ ಕೋಣೆಗೆ ಕೂಡುತ್ತೇವೆ.

20 ಗುಂಟೆಯ ಸುತ್ತಲಿನದನ್ನು ಅಪ್ಪನಿಗೇ ಬಿಟ್ಟೆ. ಈ ಸಲದ ಮುಂಗಾರಿಗೆ ಕತ್ತಾಳೆ, ಕಳ್ಳಿ, ನಡುನಡುವೆ ಆಡುಸೋಗೆ ನೆಟ್ಟಿದ್ದಾನೆ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಮಾಡಿದ ಜನವೇ ಈ ಗಿಡಕ್ಕೆ ಆಡುಮುಟ್ಟದ ಗಿಡ ಎಂದೂ ಹೆಸರಿಟ್ಟಿದ್ದಾರೆ. ಅದು ದಟ್ಟವಾಗಲು ಎರಡು ಮೂರು ವರ್ಷ ಬೇಕು, ಅಲ್ಲಿವರೆಗೆ ಖಾಲಿ ಜಾಗಕ್ಕೆ ಬಳ್ಳಾರಿ ಜಾಲಿಯ ಮುಳ್ಳು.

ಮೇಕೆ ಮಾರುವ ಮಾತು ಈಗ ಇಲ್ಲ. ಮೊದಲ ಎರಡು ವಾರ ಅಪ್ಪ ಬೇಲಿ ನಂಬದೆ ರಾತ್ರಿ ಎದ್ದೆದ್ದು ಬ್ಯಾಟರಿ ಹಿಡಿದು ನೋಡುತ್ತಿದ್ದನಂತೆ. ಈಗ ಒಳಗೇ ಮಲಗುತ್ತಾನೆ, ಗೊರಕೆ ಜಾಸ್ತಿಯಾಗಿದೆ ಎಂದು ಅಮ್ಮನ ದೂರು.

ಹೋದ ಭಾನುವಾರ ಅವನೇ ಫೋನು ಮಾಡಿದ. ಹೋತ ಗೇಟಿನ ಚಿಲಕವನ್ನು ಕೊಂಬಿನಿಂದ ಎತ್ತುವುದು ಕಲಿತಿದೆಯಂತೆ. ಮೆಶ್, ಕಂಬ, ಸತು ಎಂದು ಅಷ್ಟೆಲ್ಲ ಲೆಕ್ಕ ಹಾಕಿದವನು ಚಿಲಕಕ್ಕೆ ಅಂಗಡಿಯವನು ಕೊಟ್ಟದ್ದನ್ನು ತಂದಿದ್ದೆ. ‘ಅಲ್ಲಿ ಒಳ್ಳೇದು ಸಿಕ್ತದೇನೋ ನೋಡು. ಮೇಲಕ್ಕೆ ಎತ್ತೋದು ಬ್ಯಾಡ, ಪಕ್ಕಕ್ಕೆ ಎಳೆಯೋದು ತಗಾ’ ಎಂದ. ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಾಲ್ಕು ಬಗೆಯದರ ಫೋಟೊ ಕಳಿಸಿದ್ದೇನೆ. ಅವನಿನ್ನೂ ಯಾವುದೆಂದು ಹೇಳಿಲ್ಲ.