ಬೆಳಕಿನ ಮೇಲುಸ್ಥಾಯಿ

ರೇಡಿಯೋವಿನ ಧ್ವನಿಯ ಗುಂಡಿಯನ್ನು ಹದವಾಗಿ ತಿರುಗಿಸಿಟ್ಟರೆ ಗಾಯಕನ ಕಂಠ ಇದ್ದಂತೆಯೇ ಕೇಳುತ್ತದೆ. ಅದನ್ನೇ ಕೊನೆಯವರೆಗೂ ತಿರುಗಿಸಿ ನೋಡಿ. ಕಂಠ ಒಡೆದು ಕರ್ಕಶವಾಗುತ್ತದೆ, ಗಾಯಕ ಹಾಡದ ಸ್ವರಗಳು ಬಂದು ಸೇರಿಕೊಳ್ಳುತ್ತವೆ. ಧ್ವನಿವರ್ಧಕದ ಕಾಗದದ ಶಂಕು, ಎರಡರಷ್ಟು ನೂಕಿದರೆ ಎರಡರಷ್ಟೇ ಅಲುಗುವ ವಿಧೇಯ ವಸ್ತು. ಆದರೆ ವಿಧೇಯತೆಗೂ ಒಂದು ಮಿತಿಯುಂಟು. ಆ ಮಿತಿ ಮೀರಿದಾಗ ಅಲುಗಾಟದ ಲೆಕ್ಕ ತಪ್ಪಿ, ಮೂಲಸ್ವರದ ಜೊತೆಗೆ ಅದರ ಎರಡರಷ್ಟು ವೇಗದ ಕಂಪನವೂ, ಎಂದರೆ ಮೇಲಿನ ಸ್ಥಾಯಿಯ ಅದೇ ಸ್ವರವೂ, ಹುಟ್ಟಿಕೊಳ್ಳುತ್ತದೆ. ಕಿವಿಗೆ ಇದು ಪೀಡೆ. ಬೆಳಕಿನ ವಿಷಯದಲ್ಲಿ ಈ ದೋಷವೇ ಗುಣವಾಯಿತು.

ಬೆಳಕೂ ಕಂಪನವೇ. ಅದು ಗಾಜಿನಲ್ಲೋ ಹರಳಿನಲ್ಲೋ ಹಾಯುವಾಗ ಅಲ್ಲಿನ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ. ದೀಪದ ಬೆಳಕಾಗಲಿ ಬಿಸಿಲಾಗಲಿ ಅವುಗಳ ಲೆಕ್ಕ ತಪ್ಪಿಸುವಷ್ಟು ಬಲವುಳ್ಳದ್ದಲ್ಲ. ಆದುದರಿಂದಲೇ ಕಿಟಕಿಯಿಂದ ಕೆಂಪು ಒಳಬಂದರೆ ಕೆಂಪಾಗಿಯೇ ಬರುತ್ತದೆ. 1960ರಲ್ಲಿ ಲೇಸರ್ ಹುಟ್ಟಿದ ಮೇಲೆ ಆ ಬಲ ಕೈಗೆ ಬಂತು. ಮರುವರ್ಷವೇ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ ಕೆಂಪು ಕಿರಣವನ್ನು ಕ್ವಾರ್ಟ್ಸ್ ಎಂಬ ಬೆಣಚು ಹರಳಿನೊಳಕ್ಕೆ ಹಾಯಿಸಿದರು. ಒಳಹೊಕ್ಕ ಬೆಳಕಿನ ಅಲೆಯ ಉದ್ದ 694 ನ್ಯಾನೋಮೀಟರ್. ಹೊರಬಂದುದರಲ್ಲಿ ಅದರ ಅರ್ಧದ, 347 ನ್ಯಾನೋಮೀಟರಿನ, ಅತಿನೇರಳೆಯೂ ಇತ್ತು. ಅಲೆ ಅರ್ಧವಾದರೆ ಕಂಪನ ಇಮ್ಮಡಿ. ನಮ್ಮ ಕಣ್ಣಿಗೆ ಕಾಣುವ ಬಣ್ಣಗಳೆಲ್ಲ ಸೇರಿ ಸುಮಾರು ಒಂದೇ ಸ್ಥಾಯಿಯೊಳಗೆ ಅಡಗುವುದರಿಂದ, ಆ ಕೆಂಪಿನ ಮೇಲುಸ್ಥಾಯಿ ಕಣ್ಣಿಗೆ ಸಿಕ್ಕುವುದಿಲ್ಲ. ಛಾಯಾಫಲಕಕ್ಕೆ ಸಿಕ್ಕಿತು, ಒಂದು ಮಸುಕು ಚುಕ್ಕೆಯಾಗಿ. ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಮೆ ಬೆಳಕು ಅದು!

ಆ ಚುಕ್ಕೆಯ ಪಾಡನ್ನು ಹೇಳದೆ ಮುಂದುವರಿಯಲಾರೆ. 1961ರ ಆಗಸ್ಟಿನಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು. ಚುಕ್ಕೆ ಇರಬೇಕಾದ ಎಡೆಯನ್ನು ಬಾಣದ ಗುರುತು ತೋರಿಸುತ್ತಿದೆ. ಅಲ್ಲಿ ಚುಕ್ಕೆಯೇ ಇಲ್ಲ. ಪುಟ ಸಿದ್ಧಪಡಿಸಿದವರು ಅದನ್ನು ಕೊಳೆಯೆಂದು ತಿಳಿದು ಅಳಿಸಿದರೆಂಬುದು ವಿಜ್ಞಾನಿಗಳಲ್ಲಿ ಪ್ರಸಿದ್ಧವಾದ ಕಥೆ. ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುವ ನನ್ನಂಥವನಿಗೆ ಇದನ್ನು ಕೇಳಿದಾಗ ನಗುವಿಗಿಂತ ಅಳುಕೇ ಹೆಚ್ಚಾಗುತ್ತದೆ.

ಎಲ್ಲ ಹರಳುಗಳೂ ಈ ಕೆಲಸ ಮಾಡವು. ಎಡಕ್ಕೆ ನೂಕಿದರೂ ಬಲಕ್ಕೆ ನೂಕಿದರೂ ಒಂದೇ ಬಗೆಯಾಗಿ ಬಗ್ಗುವ ವಸ್ತುವಿನೊಡಲಿನಲ್ಲಿ ಇಮ್ಮಡಿ ಕಂಪನ ಹುಟ್ಟದು. ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಮೆ ಬಗ್ಗಬೇಕು. ಅರೆವಾಹಕಗಳಲ್ಲಿ ಸಿಲಿಕಾನ್ ಮೊದಲ ಜಾತಿಯದು. ಗ್ಯಾಲಿಯಂ ಆರ್ಸೆನೈಡಿನಲ್ಲಿ ಎರಡು ಬಗೆಯ ಪರಮಾಣುಗಳು ಎದುರುಬದುರಾಗಿ ಕುಳಿತಿರುವುದರಿಂದ ಅದು ಎರಡನೆಯ ಜಾತಿ. ಬೆಣಚು ಹರಳಿಗಿಂತ ಬಹುಪಾಲು ಸಮರ್ಥ. (‘ಅರೆವಾಹಕ’ವೆಂಬ ಮಾತೇ ಅರಿಸಮಾಸ. ಹಳೆಯ ವ್ಯಾಕರಣ ಓದಿದವರ ಹುಬ್ಬು ಗಂಟಿಕ್ಕಿದರೆ ತಪ್ಪಿಲ್ಲ. ಆದರೆ ಜನದ ಬಾಯಲ್ಲಿ ನಿಂತ ಮಾತನ್ನು ಬಿಡಿಸುವವರಾರು?)

ಇಷ್ಟು ಸಮರ್ಥವಾದ ವಸ್ತುವಿದ್ದಮೇಲೆ ಒಂದು ದಪ್ಪ ಗಟ್ಟಿಯನ್ನೇ ಇಟ್ಟುಕೊಳ್ಳಬಾರದೇ? ಅಲ್ಲಿಯೇ ತೊಡಕು. ಇಮ್ಮಡಿ ಬೆಳಕು ಹರಳಿನೊಳಗೆ ಮೂಲ ಬೆಳಕಿನ ವೇಗದಲ್ಲಿ ನಡೆಯುವುದಿಲ್ಲ. ಮೊದಲು ಹುಟ್ಟಿದ ಅಲೆಗೂ ಮುಂದೆ ಹುಟ್ಟುವ ಅಲೆಗೂ ತಾಳ ತಪ್ಪುತ್ತದೆ. ಸಾಮಾನ್ಯವಾಗಿ ಕೆಲವೇ ಮೈಕ್ರಾನ್ ದೂರ ಹೋಗುವಷ್ಟರಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು, ಗಳಿಸಿದ್ದೆಲ್ಲ ಕರಗತೊಡಗುತ್ತದೆ. ಕೆಲವು ಹರಳುಗಳಲ್ಲಿ ಕಿರಣವನ್ನು ತಕ್ಕ ಓರೆಯಲ್ಲಿ ಹಾಯಿಸಿ ಎರಡರ ವೇಗವನ್ನೂ ಸರಿದೂಗಿಸುವ ಉಪಾಯವನ್ನು 1962ರಲ್ಲಿ ಕಂಡುಕೊಂಡರು. ಗ್ಯಾಲಿಯಂ ಆರ್ಸೆನೈಡಿಗೆ ಆ ಉಪಾಯ ಒಗ್ಗದು. ಸಾಲದುದಕ್ಕೆ, ಹುಟ್ಟಿದ ಬೆಳಕು ಹಸುರಾದರೆ ಅದನ್ನು ತಾನೇ ನುಂಗಿಬಿಡುತ್ತದೆ.

ತೆಳುಪೊರೆಯ ಮಹಿಮೆ ಇಲ್ಲಿದೆ. ತಾಳ ತಪ್ಪುವ ಮೊದಲೇ, ಪೂರ್ತಿ ನುಂಗಿಹೋಗುವ ಮೊದಲೇ, ಬೆಳಕು ಆಚೆಗೆ ದಾಟಿರುತ್ತದೆ. ಪೊರೆ ತೆಳುವಾದಷ್ಟೂ ಹುಟ್ಟುವಳಿ ಕಡಮೆಯೆಂಬುದು ನಿಜ. ಆದರೆ ಇಲ್ಲಿ ಬಲ ಎರಡರಷ್ಟಾದರೆ ಫಲ ನಾಲ್ಕರಷ್ಟು. ಆದ್ದರಿಂದ ಬೆಳಕನ್ನು ಕನ್ನಡಿಗಳ ನಡುವೆಯೋ ಪೊರೆಯ ಮೇಲೆ ಕೊರೆದ ಅತಿ ಸೂಕ್ಷ್ಮ ಕಂಬಗಳಲ್ಲಿಯೋ ಒತ್ತಾಗಿ ಕೂಡಿಹಾಕಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತಾರೆ.

ಎಷ್ಟು ತೆಳುವಾಗಬಹುದು? ಮಾಲಿಬ್ಡಿನಂ ಡೈಸಲ್ಫೈಡೆಂಬ ಅರೆವಾಹಕದ ಒಂದು ಪದರದಲ್ಲಿ ಪರಮಾಣುಗಳ ಸಾಲು ಮೂರೇ. ಅಷ್ಟರಿಂದಲೂ ಇಮ್ಮಡಿ ಬೆಳಕು ಹೊರಡುವುದನ್ನು 2013ರಲ್ಲಿ ಕಂಡರು. ಇದರ ಸಹಜವಾದ ಜೋಡಣೆಯಲ್ಲಿ ಪದರದ ಮೇಲೆ ಪದರ ತಿರುಗುಮುರುಗಾಗಿ ಕೂರುತ್ತದೆ. ಎರಡು ಪದರಗಳಿದ್ದರೆ ಒಂದರ ಕೆಲಸವನ್ನು ಇನ್ನೊಂದು ಅಳಿಸಿ ಬೆಳಕು ಬಹುಮಟ್ಟಿಗೆ ಮಾಯ. ಮೂರಾದರೆ ಮತ್ತೆ ಪ್ರತ್ಯಕ್ಷ. ಹೀಗಾಗಿ ಪ್ರಯೋಗಶಾಲೆಯವರು ಆ ಬೆಳಕನ್ನು ನೋಡಿಯೇ ಪದರಗಳು ಬೆಸವೋ ಸರಿಯೋ ಎಂದು ಹೇಳಬಲ್ಲರು. ಕಿರಣದ ಕಂಪನದ ದಿಕ್ಕನ್ನು ತಿರುಗಿಸುತ್ತ, ಪರಮಾಣುಗಳು ಯಾವ ಕಡೆಗೆ ಮುಖಮಾಡಿ ಕುಳಿತಿವೆ ಎಂಬುದನ್ನೂ ಪೊರೆಯನ್ನು ಮುಟ್ಟದೆಯೇ ಓದಬಲ್ಲರು.