ಲಂಡನ್ನಿಗೆ ಹೋಗುವ ಬೆಳೆಗಾರರಿಗೆ

ಮಕ್ಕಳನ್ನು ನೋಡಲು ಲಂಡನ್ನಿಗೆ ಹೊರಟ ಸದಸ್ಯ ಬಾಂಧವರಿಗೆ ನಾಲ್ಕು ಮಾತು. ತಂಗಲಿಕ್ಕೂ ನಮ್ಮ ದೇಶದ ಊಟಕ್ಕೂ ಫಿಟ್ಜ್‌ರಾಯ್ ಚೌಕದ ಇಂಡಿಯನ್ ವೈ.ಎಂ.ಸಿ.ಎ. ಅನುಕೂಲವಾದುದು. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ, ದರ್ಶನ ಮಾಡಿ.

ಕಾಫಿ ಬೆಳೆಗಾರರು ಸೇಂಟ್ ಮೈಕೇಲ್ಸ್ ಗಲ್ಲಿಯನ್ನು ಮಾತ್ರ ಬಿಡಬಾರದು. ಲಂಡನ್ನಿನ ಮೊದಲ ಕಾಫಿ ಅಂಗಡಿ 1652ರಲ್ಲಿ ತೆರೆದದ್ದು ಅಲ್ಲಿಯೇ; ಈಗ ಆ ಸ್ಥಳದಲ್ಲಿ ಜಮೈಕಾ ವೈನ್ ಹೌಸ್ ಇದೆ. ಇಂಥ ಅಂಗಡಿಗಳಲ್ಲಿ ಕುಳಿತೇ ವರ್ತಕರು ವ್ಯಾಪಾರ ಕುದುರಿಸುತ್ತಿದ್ದರು.

ಇಂದಿಗೂ ರೊಬಸ್ಟಾ ದರಕ್ಕೆ ಲಂಡನ್ನಿನ ವಾಯಿದೆ ಪೇಟೆಯೇ ಆಧಾರ. ಅಲ್ಲಿ ದರ ಟನ್ನಿಗೆ ಡಾಲರಿನಲ್ಲಿ, ನಮ್ಮಲ್ಲಿ 50 ಕಿಲೋ ಚೀಲಕ್ಕೆ ರೂಪಾಯಿಯಲ್ಲಿ. ಆದ್ದರಿಂದ ಊರಲ್ಲೇ ಇರುವವರೂ ಚೀಲ ತೂಗಿಸುವ ಮುನ್ನ ಆ ದಿನದ ಲಂಡನ್ ದರವನ್ನೂ ಡಾಲರಿನ ಬೆಲೆಯನ್ನೂ ವಿಚಾರಿಸಿಕೊಳ್ಳತಕ್ಕದ್ದು.