ಹಂಪಿಯ ಕಾಲುವೆ, ನಂದಗುಡಿಯ ಬೋರ್‌ವೆಲ್

ರಜೆಯಲ್ಲಿ ಹಾಸ್ಟೆಲ್ ಗೆಳೆಯನ ಊರು ಹೊಸಪೇಟೆಗೆ ಹೋಗಿದ್ದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ರಾಜ್ಯದ 31ನೇ ಜಿಲ್ಲೆ. ಇರುವುದು ಆರೇ ತಾಲ್ಲೂಕು. ಹಂಪಿಯಲ್ಲಿ ಎಲ್ಲರಂತೆ ಕಲ್ಲಿನ ರಥದ ಮುಂದೆ ಸೆಲ್ಫಿಯೂ ಆಯಿತು. ಆದರೆ ಸಿವಿಲ್ ಓದುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಳೆತೋಟಗಳ ನಡುವೆ ಹರಿಯುವ ತುರ್ತಾ ಕಾಲುವೆ. 1565ರ ಯುದ್ಧದ ನಂತರ ಅರಮನೆಗಳು ಹಾಳಾದವು. ಅರಸರ ಕಾಲದ ಈ ಕಾಲುವೆ ಇವತ್ತಿಗೂ ತುಂಗಭದ್ರೆಯ ನೀರು ತರುತ್ತಿದೆ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಸರ್ವೆ ಲ್ಯಾಬ್‌ನಲ್ಲಿ ಹತ್ತು ಮೀಟರ್‌ಗೇ ಲೆವೆಲ್ ತಪ್ಪಿಸುವವನು ನಾನು!

‘ನಿಮ್ಮ ಕಡೆ ನೀರು ಹೆಂಗೈತಪ್ಪಾ?’ ಎಂದರು ಗೆಳೆಯನ ತಂದೆ. ನಂದಗುಡಿಯಲ್ಲಿ ಅಪ್ಪ ಸಾಲ ಮಾಡಿ ಕೊರೆಸಿದ ಮೂರನೇ ಬೋರ್‌ವೆಲ್‌ನಲ್ಲೂ ಬರೀ ದೂಳು ಬಂದದ್ದನ್ನು ಹೇಳಲು ಬಾಯಿ ಬರಲಿಲ್ಲ.

ಊರಿಗೆ ಮರಳಿದ ಮರುದಿನ, ನಮ್ಮ ಕೆರೆಗೆ ನೀರು ಬರುತ್ತಿದ್ದ ಕಾಲುವೆ ಎಲ್ಲೆಲ್ಲಿ ಮುಚ್ಚಿದೆ ಎಂದು ನೋಡಲು ಅಪ್ಪನ ಜೊತೆ ಹೊರಟೆ.